ವಲೆನ್ಸಿಯಾದಲ್ಲಿ ಏನು ನೋಡಬೇಕು, ಎಲ್ಲಿ ಉಣ್ಣಬೇಕು: ನೀರಿನ ಜಾಡು ಹಿಡಿದು ನಾಲ್ಕು ದಿನ

ವಲೆನ್ಸಿಯಾ ಪ್ರವಾಸದ ಯೋಜನೆಯನ್ನು ಕ್ಯಾಲೆಂಡರಿನಲ್ಲಿ ಒಂದು ಗುರುವಾರವನ್ನು ಗುರುತು ಹಾಕಿಕೊಳ್ಳುವುದರಿಂದ ಆರಂಭಿಸಬೇಕು. ಸ್ಪೇನಿನ ಪೂರ್ವ ಕರಾವಳಿಯಲ್ಲಿರುವ, ಮ್ಯಾಡ್ರಿಡ್ ಮತ್ತು ಬಾರ್ಸೆಲೋನಾಗಳ ನಂತರ ಆ ದೇಶದ ಮೂರನೆಯ ದೊಡ್ಡ ನಗರವಾದ ಈ ಊರಿನಲ್ಲಿ, ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ ಕಾಲುವೆ ನೀರಿನ ತಕರಾರುಗಳನ್ನು ತೀರ್ಮಾನಿಸುವ ರೈತರ ನ್ಯಾಯಮಂಡಳಿಯೊಂದು ಚರ್ಚಿನ ಬಾಗಿಲ ಮುಂದೆ, ಬಯಲಿನಲ್ಲೇ ಸೇರುತ್ತದೆ. ಆ ನೀರು ಹರಿಯುವ ಕಡೆಯೇ ಊರಿನ ತರಕಾರಿ ತೋಟಗಳಿವೆ, ಭತ್ತದ ಗದ್ದೆಗಳಿವೆ. ಅಲ್ಲಿ ಬೆಳೆದದ್ದು ನಡುಪೇಟೆಯ ಮಾರುಕಟ್ಟೆಗೆ ಬಂದು, ಅಲ್ಲಿಂದ ಪಾಯೆಯಾ ಎಂಬ ಅಗಲವಾದ ಬಾಣಲೆಗೆ ಇಳಿಯುತ್ತದೆ. ಈ ಜಾಡನ್ನು ಹಿಡಿದು ಹೋದವರಿಗೆ ನೋಡುವ ಜಾಗ ಮತ್ತು ಉಣ್ಣುವ ಜಾಗ ಬೇರೆಬೇರೆ ಪಟ್ಟಿಗಳಾಗಿ ಉಳಿಯುವುದಿಲ್ಲ. ಬುಧವಾರ ಸಂಜೆ ತಲುಪಿ ಭಾನುವಾರ ಹೊರಡುವ ಲೆಕ್ಕದಲ್ಲಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಹೊರಡುವ ಮುನ್ನ

ಏಪ್ರಿಲ್‌ನಿಂದ ಜೂನ್ ಮತ್ತು ಸೆಪ್ಟೆಂಬರ್ ತಿಂಗಳು ಹೋಗಲು ಹದವಾದ ಕಾಲ. ಆಗಸ್ಟ್‌ನಲ್ಲಿ ಬಿಸಿಲು ಜೋರು, ಮೇಲಾಗಿ ಸ್ಥಳೀಯರೇ ರಜೆಯ ಮೇಲೆ ಹೋಗುವುದರಿಂದ ಅನೇಕ ಒಳ್ಳೆಯ ಊಟದ ಮನೆಗಳು ಬಾಗಿಲು ಹಾಕಿರುತ್ತವೆ. ಮಾರ್ಚ್ 15ರಿಂದ 19ರವರೆಗೆ ಫಾಯಾಸ್ ಹಬ್ಬ. ಬೀದಿಬೀದಿಗಳಲ್ಲಿ ಎತ್ತರದ ಬೊಂಬೆಗಳನ್ನು ನಿಲ್ಲಿಸಿ 19ರ ರಾತ್ರಿ ಸುಡುವ ಈ ಹಬ್ಬ 2016ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದೆ. ಅದನ್ನು ನೋಡಲೇಬೇಕೆಂದಿದ್ದರೆ ತಿಂಗಳುಗಟ್ಟಲೆ ಮೊದಲೇ ಕೋಣೆ ಕಾದಿರಿಸಬೇಕು. ಪಟಾಕಿಯ ಸದ್ದು ಆಗದವರು, ಎಳೆಯ ಮಕ್ಕಳನ್ನು ಕರೆದುಕೊಂಡು ಹೋಗುವವರು ಆ ವಾರವನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಸ್ಪೇನ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು ಹದಿನೈದು ದಿನ ಎಂದಿದ್ದರೂ ಅಷ್ಟು ತಡ ಮಾಡಬಾರದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಮ್ಯಾಡ್ರಿಡ್‌ನಲ್ಲಿ ಇಳಿದವರು ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ ವಲೆನ್ಸಿಯಾ ತಲುಪುತ್ತಾರೆ. ವಲೆನ್ಸಿಯಾದ ವಿಮಾನ ನಿಲ್ದಾಣದಿಂದಾದರೆ ಮೆಟ್ರೋದ 3 ಮತ್ತು 5ನೆಯ ಮಾರ್ಗಗಳು ನೇರವಾಗಿ ಊರಿನ ನಡುವಿಗೆ ಬರುತ್ತವೆ. ತಂಗುವುದಕ್ಕೆ ಹಳೆಯ ಪೇಟೆ ಅಥವಾ ಅದಕ್ಕೆ ತಾಗಿಕೊಂಡಿರುವ ರುಸಾಫಾ ಬಡಾವಣೆ ಅನುಕೂಲ.

ಗಡಿಯಾರವನ್ನು ಊರಿಗೆ ಹೊಂದಿಸಿಕೊಳ್ಳುವುದು

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ನಮ್ಮವರು ಎಡವುವುದೂ ಹೆಚ್ಚಾಗಿ ಇಲ್ಲೇ. ಬೆಳಗಿನ ಹೊತ್ತು ಒಂದು ಕಾಫಿ, ಒಂದು ಚೂರು ಬ್ರೆಡ್, ಅಷ್ಟೆ. ಹತ್ತರಿಂದ ಹನ್ನೊಂದರ ನಡುವೆ ಎಸ್ಮೊರ್ಸಾರೆತ್ ಎಂಬ ಎರಡನೆಯ ತಿಂಡಿ. ಹೊಲದಲ್ಲಿ ನಸುಕಿನಿಂದ ದುಡಿದವರ ಬುತ್ತಿಯಿಂದ ಬಂದ ರೂಢಿಯಿದು: ಉದ್ದನೆಯ ಬ್ರೆಡ್ಡಿನೊಳಗೆ ಪಲ್ಯವನ್ನೋ ಮೊಟ್ಟೆಯನ್ನೋ ಮಾಂಸವನ್ನೋ ತುಂಬಿ, ಪಕ್ಕದಲ್ಲಿ ಕಡಲೆಕಾಯಿ ಮತ್ತು ಆಲಿವ್ ಇಟ್ಟು, ಕೊನೆಗೆ ರಮ್ ಉರಿಸಿ ಮಾಡಿದ ಕ್ರೆಮಾಯೆತ್ ಎಂಬ ಕಾಫಿ ಕೊಡುತ್ತಾರೆ. ಮಧ್ಯಾಹ್ನದ ಊಟ ಎರಡು ಗಂಟೆಯ ನಂತರ, ನಾಲ್ಕರವರೆಗೂ ನಡೆಯುತ್ತದೆ. ರಾತ್ರಿಯ ಊಟ ಒಂಬತ್ತಕ್ಕೆ ಮುಂಚೆ ಶುರುವಾಗುವುದೇ ಇಲ್ಲ.

ಅನ್ನದ ಅಡುಗೆ ಇಲ್ಲಿ ಮಧ್ಯಾಹ್ನದ್ದು. ರಾತ್ರಿ ಪಾಯೆಯಾ (ಆ ಬಾಣಲೆಯಲ್ಲಿ ಬೇಯುವ ಅನ್ನಕ್ಕೂ ಅದೇ ಹೆಸರು) ಕೇಳುವವರು ಸಾಮಾನ್ಯವಾಗಿ ಪ್ರವಾಸಿಗರೇ. ಮೊದಲ ಸಲ ಹೋದಾಗ ನಾನೂ ರಾತ್ರಿ ಎಂಟಕ್ಕೆ, ಬಣ್ಣಬಣ್ಣದ ಫೋಟೋ ಹಲಗೆ ನಿಲ್ಲಿಸಿದ್ದ ಒಂದು ಹೋಟೆಲಿನಲ್ಲಿ ಕುಳಿತು, ಎಂದೋ ಬೇಯಿಸಿ ಬಿಸಿ ಮಾಡಿ ತಂದ ಮುದ್ದೆಯಂತಹ ಅನ್ನವನ್ನು ತಿಂದು ಎದ್ದಿದ್ದೆ. ಅಂತಹ ಹಲಗೆ ಕಂಡಲ್ಲಿ ಮುಂದಕ್ಕೆ ನಡೆಯಬೇಕು. ಒಬ್ಬರಿಗೆ ಒಂದು ತಟ್ಟೆಯೆಂದು ತಕ್ಷಣ ತಂದುಕೊಡುವ ಜಾಗವನ್ನೂ ಬಿಡಬೇಕು, ಏಕೆಂದರೆ ಒಳ್ಳೆಯ ಮನೆಗಳಲ್ಲಿ ಕನಿಷ್ಠ ಇಬ್ಬರಿಗೆಂದು ಹೊಸದಾಗಿ ಬೇಯಿಸುತ್ತಾರೆ, ಅರ್ಧ ಗಂಟೆಗೂ ಹೆಚ್ಚು ಕಾಯಿಸುತ್ತಾರೆ, ಅನೇಕ ಕಡೆ ಹಿಂದಿನ ದಿನವೇ ಹೇಳಿಡಬೇಕಾಗುತ್ತದೆ.

ಗುರುವಾರ: ಮಾರುಕಟ್ಟೆ, ರೇಷ್ಮೆಯ ಸಭಾಂಗಣ, ನೀರಿನ ನ್ಯಾಯ

ಬೆಳಿಗ್ಗೆ ಒಂಬತ್ತಕ್ಕೆ ಮೆರ್ಕಾದೊ ಸೆಂಟ್ರಾಲ್, ಅಂದರೆ ನಡುಪೇಟೆಯ ಮಾರುಕಟ್ಟೆಗೆ ಹೋಗಬೇಕು. 1928ರಲ್ಲಿ ಉದ್ಘಾಟನೆಯಾದ ಈ ಕಟ್ಟಡ ಕಬ್ಬಿಣ, ಗಾಜು ಮತ್ತು ಬಣ್ಣದ ಹೆಂಚುಗಳಿಂದಾದದ್ದು. ಎಂಟು ಸಾವಿರ ಚದರ ಮೀಟರಿಗೂ ಹೆಚ್ಚಿನ ವಿಸ್ತಾರವಿರುವ ಇದರ ಗುಮ್ಮಟದ ತುದಿಯಲ್ಲಿ ಗಿಳಿಯ ಆಕಾರದ ಗಾಳಿಸೂಚಕವಿದೆ. ಮಧ್ಯಾಹ್ನ ಮೂರಕ್ಕೆ ಮುಚ್ಚುತ್ತದೆ, ಭಾನುವಾರ ತೆರೆಯುವುದಿಲ್ಲ. ತರಕಾರಿಯ ಸಾಲಿನಲ್ಲಿ ಗರ್ರೊಫೊ ಎಂಬ ಅಗಲವಾದ ಬಿಳಿ ಕಾಳನ್ನು ಕೇಳಿ ನೋಡಿ. ನಮ್ಮ ಸಂತೆಯಲ್ಲಿ ಡಬಲ್ ಬೀನ್ಸ್ ಎಂದು ಸುಲಿದು ಮಾರುವ ಕಾಳಿನ ಜಾತಿಯೇ ಅದು. ಇಲ್ಲಿ ಸಾಗುವಿಗೆ ಬೀಳುವ ಕಾಳು ಅಲ್ಲಿ ಪಾಯೆಯಾದ ಜೀವಾಳ. ಹತ್ತೂವರೆಗೆ ಮಾರುಕಟ್ಟೆಯೊಳಗೇ ಬಾಣಸಿಗ ರಿಕಾರ್ಡ್ ಕಮರೇನಾ ಅವರ ಸೆಂಟ್ರಲ್ ಬಾರ್‌ನಲ್ಲಿ ಎತ್ತರದ ಸ್ಟೂಲಿನ ಮೇಲೆ ಕುಳಿತು ಎಸ್ಮೊರ್ಸಾರೆತ್ ಮುಗಿಸಬಹುದು. ಅಲ್ಲಿ ಜಾಗ ಸಿಗದಿದ್ದರೆ ಬೇಸರ ಬೇಡ, ಆ ಹೊತ್ತಿಗೆ ಊರಿನ ಯಾವ ಮೂಲೆಯ ಬಾರಿನಲ್ಲೂ ಇದೇ ತಿಂಡಿ ಸಿಗುತ್ತದೆ.

ಮಾರುಕಟ್ಟೆಯ ಎದುರಿಗೇ ಲಾ ಲೊನ್ಹಾ, ರೇಷ್ಮೆ ವ್ಯಾಪಾರದ ಸಭಾಂಗಣ. 1482ರಲ್ಲಿ ಕಟ್ಟಲು ಆರಂಭಿಸಿದ ಇದನ್ನು ಯುನೆಸ್ಕೋ 1996ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಒಳಗೆ ಹಗ್ಗ ಹೊಸೆದಂತೆ ತಿರುಚಿಕೊಂಡು ಮೇಲೇರುವ ಕಲ್ಲಿನ ಕಂಬಗಳು ಚಾವಣಿಗೆ ತಾಕುವಲ್ಲಿ ತಾಳೆಯ ಗರಿಗಳಂತೆ ಬಿಚ್ಚಿಕೊಳ್ಳುತ್ತವೆ. ಎಲ್ಲರೂ ಕಂಬಗಳ ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಕತ್ತೆತ್ತಿ ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಓಡುವ ಲ್ಯಾಟಿನ್ ಬರಹದ ಪಟ್ಟಿಯನ್ನು ನೋಡಬೇಕು. ಮಾತಿನಲ್ಲಿ ಮೋಸವಿಲ್ಲದ, ನೆರೆಯವನಿಗೆ ಆಡಿದ ಮಾತಿಗೆ ತಪ್ಪದ, ಬಡ್ಡಿಗೆ ಹಣ ಬಿಡದ ವ್ಯಾಪಾರ ಎಷ್ಟು ಒಳ್ಳೆಯದೆಂದು ನೀವೇ ಸವಿದು ನೋಡಿ ಎಂದು ಆ ಕಟ್ಟಡವೇ ತನ್ನ ಊರಿನವರಿಗೆ ಹೇಳುವ ಬರಹವದು. ರೇಷ್ಮೆಯ ಬೆಲೆ ಕುದುರಿಸುತ್ತ ಅದರ ಕೆಳಗೆ ನಿಂತಿದ್ದ ವರ್ತಕರನ್ನು ನೆನೆದು ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಹನ್ನೊಂದೂಮುಕ್ಕಾಲಿಗೆಲ್ಲ ಪ್ಲಾಸಾ ದೆ ಲಾ ವಿರ್ಹೆನ್ ಎಂಬ ಚೌಕವನ್ನು ಸೇರಿಕೊಳ್ಳಿ. ಚೌಕದ ಕಾರಂಜಿಯಲ್ಲಿ ಒರಗಿ ಮಲಗಿರುವ ಗಂಡಸು ತುರಿಯಾ ನದಿ. ಸುತ್ತಲೂ ಕೊಡ ಹಿಡಿದಿರುವ ಎಂಟು ಹೆಣ್ಣುಮಕ್ಕಳು ಆ ನದಿಯಿಂದ ಒಡೆದ ಎಂಟು ಮುಖ್ಯ ಕಾಲುವೆಗಳು. ಕಥೀಡ್ರಲ್ಲಿನ ಅಪೊಸ್ತಲರ ಬಾಗಿಲ ಮುಂದೆ ವೃತ್ತಾಕಾರದ ಕಟಕಟೆಯೊಳಗೆ ಕುರ್ಚಿಗಳನ್ನು ಹಾಕಿರುತ್ತಾರೆ. ಮಿಗೆಲೆತ್ ಗೋಪುರದ ಗಂಟೆ ಹನ್ನೆರಡು ಹೊಡೆಯುತ್ತಿದ್ದಂತೆ, ಕಾಲುವೆಗಳ ರೈತರೇ ಚುನಾಯಿಸಿದ ಪ್ರತಿನಿಧಿಗಳು ಕಪ್ಪು ಅಂಗಿ ತೊಟ್ಟು ಬಂದು ಕೂರುತ್ತಾರೆ. ಅಮೀನ ಒಂದೊಂದು ಕಾಲುವೆಯ ಹೆಸರು ಹಿಡಿದು, ಅದರ ಮೇಲೆ ದೂರಿಗೆ ಗುರಿಯಾದವರು ಇದ್ದಾರೆಯೇ ಎಂದು ವಲೆನ್ಸಿಯನ್ ಭಾಷೆಯಲ್ಲಿ ಕೂಗುತ್ತಾನೆ. ವಕೀಲರಿಲ್ಲ, ವಾದವೆಲ್ಲ ಬಾಯಿಮಾತಿನಲ್ಲೇ, ತೀರ್ಪಿಗೆ ಮೇಲ್ಮನವಿ ಇಲ್ಲ. ಅರಬ್ಬರ ಆಳ್ವಿಕೆಯ ಕಾಲದಲ್ಲಿ ಬೇರುಬಿಟ್ಟ ಈ ವ್ಯವಸ್ಥೆಯನ್ನು 1238ರಲ್ಲಿ ಊರನ್ನು ಗೆದ್ದ ಮೊದಲನೆಯ ಜೌಮೆ ದೊರೆಯೂ ಮುಂದುವರಿಸಿದನು. ಯುನೆಸ್ಕೋ 2009ರಲ್ಲಿ ಮಾನ್ಯತೆ ನೀಡಿತು. ಕೆರೆಯ ತೂಬೆತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನಿಶ್ಚಯಿಸುತ್ತಿದ್ದ ನೀರುಗಂಟಿಯನ್ನು ಬಲ್ಲ ನಮ್ಮ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ಗುರುವಾರ ದೂರುಗಳೇ ಇರುವುದಿಲ್ಲ, ಐದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಆದ್ದರಿಂದ ತಡವಾಗಿ ಹೋದವರಿಗೆ ಖಾಲಿ ಕುರ್ಚಿಗಳಷ್ಟೇ ಕಾಣಿಸುತ್ತವೆ.

ಆಮೇಲೆ ಮಿಗೆಲೆತ್‌ನ 207 ಮೆಟ್ಟಿಲುಗಳನ್ನು ಹತ್ತಿದರೆ ಊರು, ತೋಟ, ಸಮುದ್ರ ಮೂರೂ ಒಂದೇ ನೋಟದಲ್ಲಿ ದೊರೆಯುತ್ತವೆ. ಎರಡು ಗಂಟೆಗೆ ಹಳೆಯ ಪೇಟೆಯಲ್ಲೇ ದಿನದ ಊಟಕ್ಕೆ ಕುಳಿತುಕೊಳ್ಳಿ. ಮೆನು ದೆಲ್ ದಿಯಾ ಎಂದು ಕೇಳಿದರೆ ಎರಡು ಬಗೆಯ ಪದಾರ್ಥ, ಬ್ರೆಡ್ ಮತ್ತು ಸಿಹಿ ಅಥವಾ ಕಾಫಿ ಸೇರಿದ ಊಟ ಒಂದೇ ನಿಗದಿತ ಬೆಲೆಗೆ ಬರುತ್ತದೆ. ಮಾಂಸಾಹಾರಿಗಳು ಅರೋಸ್ ಅಲ್ ಫೋರ್ನ್ ಇದೆಯೇ ಎಂದು ವಿಚಾರಿಸಬೇಕು. ಕಡಲೆಕಾಳು, ಆಲೂಗಡ್ಡೆ, ಇಡಿಯ ಬೆಳ್ಳುಳ್ಳಿ ಗಡ್ಡೆ, ಹಂದಿಯ ಪಕ್ಕೆಲುಬು ಇವುಗಳೊಂದಿಗೆ ಮಣ್ಣಿನ ಅಗಲ ಪಾತ್ರೆಯಲ್ಲಿ ಒಲೆಯೊಳಗಿಟ್ಟು ಬೇಯಿಸುವ ಈ ಅನ್ನ ಪಾಯೆಯಾದಷ್ಟು ಹೆಸರು ಮಾಡಿಲ್ಲ, ರುಚಿಯಲ್ಲಿ ಅದಕ್ಕೆ ಕಡಿಮೆಯೇನೂ ಇಲ್ಲ.

ಬಿಸಿಲು ಇಳಿದ ಮೇಲೆ ಸಾಂತಾ ಕತಾಲಿನಾ ಗೋಪುರದ ಬಳಿಯ, ಒಳಗೋಡೆಗಳಿಗೆಲ್ಲ ಚಿತ್ರದ ಹೆಂಚು ಹಚ್ಚಿರುವ ಹಳೆಯ ಒರ್ಚಾತೆರಿಯಾದಲ್ಲಿ ಒರ್ಚಾತಾ ಕುಡಿಯಬೇಕು. ಚುಫಾ ಎಂಬ ಪುಟ್ಟ ಗಡ್ಡೆಗಳನ್ನು ನೆನೆಸಿ, ನೀರಿನೊಂದಿಗೆ ರುಬ್ಬಿ, ಹಿಂಡಿ, ಸಕ್ಕರೆ ಬೆರೆಸಿ ತಣ್ಣಗಿಟ್ಟ ಈ ಪಾನೀಯದಲ್ಲಿ ಹಾಲಿನ ಹನಿಯೂ ಇಲ್ಲ. ಬಣ್ಣ ನೋಡಿದರೆ ಮಾತ್ರ ಹಾಲೆಂದೇ ತೋರುತ್ತದೆ. ಚುಫಾ ನಮ್ಮ ಹೊಲಗಳಲ್ಲಿ ಕಳೆಯೆಂದು ಕಿತ್ತೆಸೆಯುವ ಕೊನ್ನಾರಿ ಗಡ್ಡೆಯ ದಾಯಾದಿ. ಜೊತೆಗೆ ಕೊಡುವ ಫಾರ್ತೋನ್ಸ್ ಎಂಬ ಉದ್ದನೆಯ ಮೆತ್ತನೆಯ ಬನ್ನನ್ನು ಅದರಲ್ಲಿ ಅದ್ದಿ, ನೆಂದ ತುದಿ ಕಳಚಿ ಲೋಟಕ್ಕೆ ಬೀಳುವ ಮುನ್ನ ಬಾಯಿಗೆ ಹಾಕಿಕೊಳ್ಳಬೇಕು. ಬಾಟಲಿಯಲ್ಲಿ ಮಾರುವ ಒರ್ಚಾತಾ ಕುಡಿದು ಇದರ ರುಚಿ ಇಷ್ಟೇ ಎಂದುಕೊಳ್ಳಬೇಡಿ. ಅಂದು ಅರೆದದ್ದನ್ನು ಅಂದೇ ಕುಡಿಯಬೇಕು.

ಶುಕ್ರವಾರ: ಅಲ್ಬುಫೆರಾ ಮತ್ತು ಪಾಯೆಯಾ

ಊರಿನ ದಕ್ಷಿಣಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ಅಲ್ಬುಫೆರಾ ಸರೋವರವಿದೆ. ಅರಬ್ಬೀ ಭಾಷೆಯಲ್ಲಿ ಪುಟ್ಟ ಸಮುದ್ರ ಎಂಬರ್ಥದ ಮಾತಿನಿಂದ ಬಂದ ಹೆಸರಿದು. ಅಕ್ಕಿಗೆ ಸ್ಪ್ಯಾನಿಷ್‌ನಲ್ಲಿ ಹೇಳುವ ಅರೋಸ್ ಎಂಬ ಮಾತೂ ಅದೇ ದಾರಿಯಿಂದ ಬಂದದ್ದು. ಮರಳದಿಣ್ಣೆಯೊಂದು ಇದನ್ನು ಸಮುದ್ರದಿಂದ ಬೇರ್ಪಡಿಸಿದೆ, ಸುತ್ತಲೂ ಕಣ್ಣು ಹಾಯುವವರೆಗೆ ಭತ್ತದ ಗದ್ದೆಗಳಿವೆ. 1986ರಿಂದ ಇದು ಸಂರಕ್ಷಿತ ನಿಸರ್ಗಧಾಮ. ನಗರ ಸಾರಿಗೆಯ 24ನೆಯ ಸಂಖ್ಯೆಯ ಬಸ್ಸು ಸರೋವರದ ನಡುವಿನ ಎಲ್ ಪಾಲ್ಮಾರ್ ಎಂಬ ಹಳ್ಳಿಗೆ ಹೋಗುತ್ತದೆ. ವಾರಾಂತ್ಯದಲ್ಲಿ ಊರಿಗೆ ಊರೇ ಅಲ್ಲಿಗೆ ಊಟಕ್ಕೆ ಬರುವುದರಿಂದ ಶುಕ್ರವಾರವನ್ನು ಇದಕ್ಕೆಂದು ಇಟ್ಟಿದ್ದೇನೆ.

ಯಾವ ತಿಂಗಳಲ್ಲಿ ಹೋದಿರಿ ಎಂಬುದರ ಮೇಲೆ ಕಾಣುವ ನೋಟ ಬದಲಾಗುತ್ತದೆ. ಮೇ ತಿಂಗಳಲ್ಲಿ ನೀರು ನಿಲ್ಲಿಸಿ ಬಿತ್ತನೆ, ಜೂನ್ ಮತ್ತು ಜುಲೈನಲ್ಲಿ ದಟ್ಟ ಹಸಿರು, ಸೆಪ್ಟೆಂಬರಿನಲ್ಲಿ ಕೊಯ್ಲು, ಚಳಿಗಾಲದ ಆರಂಭದಲ್ಲಿ ಗದ್ದೆಗಳಿಗೆ ಮತ್ತೆ ನೀರು ಬಿಟ್ಟು ಹಕ್ಕಿಗಳಿಗೆ ಬೀಡು. ಸಮುದ್ರಕ್ಕೆ ಹರಿಯುವ ಗೋಲಾ ಎಂಬ ಕಾಲುವೆಗಳ ತೂಬುಗಳಿಂದ ಇಡೀ ಸರೋವರದ ಮಟ್ಟವನ್ನು ಹಿಡಿತದಲ್ಲಿಡುತ್ತಾರೆ.

ಊಟವನ್ನು ಎರಡೂವರೆಗೆ ಇಟ್ಟುಕೊಳ್ಳಿ. ಹಿಂದಿನ ದಿನವೇ ದೂರವಾಣಿಯಲ್ಲಿ ಕಟ್ಟಿಗೆಯ ಒಲೆಯೇ ಎಂದು ಕೇಳಿ ಹೇಳಿಟ್ಟಿರಬೇಕು; ಲೆನ್ಯಾ ಎಂದರೆ ಸೌದೆ. ವಲೆನ್ಸಿಯಾದ ಮೂಲ ಪಾಯೆಯಾ ಕಡಲಿನದಲ್ಲ, ಹೊಲದ್ದು. ಆಲಿವ್ ಎಣ್ಣೆಯಲ್ಲಿ ಕೋಳಿ ಮತ್ತು ಮೊಲದ ತುಂಡುಗಳನ್ನು ನಿಧಾನವಾಗಿ ಕೆಂಪಗೆ ಹುರಿದು, ಚಪ್ಪಟೆ ಹಸಿರು ಹುರುಳಿಕಾಯಿ ಮತ್ತು ಗರ್ರೊಫೊ ಸೇರಿಸಿ, ತುರಿದ ಟೊಮ್ಯಾಟೊ ಹಾಕಿ, ಕೆಂಪು ಮೆಣಸಿನ ಪುಡಿ ಉದುರಿಸಿ, ಅದು ಸೀಯುವ ಮೊದಲೇ ನೀರು ಸುರಿದು ಕುದಿಸುತ್ತಾರೆ. ರಸ ಇಳಿದ ಮೇಲೆ ಕೇಸರಿ, ಆಮೇಲೆ ಅಕ್ಕಿ. ಅಕ್ಕಿ ಬಿದ್ದ ನಂತರ ಸೌಟು ಆಡಿಸುವಂತಿಲ್ಲ. ಇಪ್ಪತ್ತು ನಿಮಿಷಗಳಲ್ಲಿ ಉರಿಯನ್ನು ಏರಿಸಿ ಇಳಿಸುವುದೇ ಅಡುಗೆಯವನ ಕೈಚಳಕ. ಅನ್ನ ಬೆರಳಿನಗಲದಷ್ಟೂ ದಪ್ಪ ಇರಕೂಡದು. ಅಂತಹ ತೆಳುವಾದ ಅನ್ನದ ತಳ ಹಿಡಿದು ಕಂದಾದ ಪದರಕ್ಕೆ ಸೊಕರ್ರಾತ್ ಎನ್ನುತ್ತಾರೆ, ಅದಕ್ಕಾಗಿ ಮನೆಮಂದಿಯಲ್ಲಿ ಪೈಪೋಟಿಯೇ ನಡೆಯುತ್ತದೆ. ಬಾಣಲೆ ಮೇಜಿನ ನಡುವೆ ಬಂದಾಗ ಮರದ ಚಮಚ ಹಿಡಿದು, ನಿಮ್ಮ ಎದುರಿನ ಅಂಚಿನಿಂದ ನಡುವಿನ ಕಡೆಗೆ, ಪಕ್ಕದವರ ಪಾಲಿಗೆ ಕೈ ಹಾಕದೆ ಉಣ್ಣಬೇಕು. ಮೊದಲ ಚಮಚದಲ್ಲಿ ಹೊಗೆಯ ವಾಸನೆ, ಆಮೇಲೆ ಹುರಿದ ಮಾಂಸದ ರಸ ಹೀರಿಕೊಂಡ ಅಕ್ಕಿಯ ರುಚಿ, ಕೊನೆಗೆ ಚಮಚದ ಅಂಚಿನಿಂದ ಕೆರೆದಾಗ ಚರಚರ ಸದ್ದಿನೊಡನೆ ಏಳುವ ಆ ಕಂದು ಚಕ್ಕೆ.

ಹಳ್ಳಿಯ ಇನ್ನೊಂದು ಹೆಸರಾಂತ ಅಡುಗೆ ಆಲ್ ಇ ಪೆಬ್ರೆ, ಬೆಳ್ಳುಳ್ಳಿ ಮತ್ತು ಕೆಂಪು ಮೆಣಸಿನ ಪುಡಿಯ ಗೊಜ್ಜಿನಲ್ಲಿ ಬೇಯಿಸಿದ ಹಾವುಮೀನು. ಯುರೋಪಿನ ಹಾವುಮೀನು ಈಗ ತೀವ್ರ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ನಾನಂತೂ ಅದನ್ನು ತಿನ್ನಲಿಲ್ಲ, ತಿನ್ನಿರೆಂದು ಹೇಳಲೂ ಮನಸ್ಸು ಬರುವುದಿಲ್ಲ. ಊಟದ ನಂತರ ಹುಲ್ಲು ಹೊದಿಸಿದ ಬರ್ರಾಕಾ ಮನೆಗಳನ್ನು ನೋಡಿಕೊಂಡು, ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ದೋಣಿ ಹತ್ತಬೇಕು. ಆಳವಿಲ್ಲದ ಆ ನೀರಿನ ನಡುವೆ ಯಂತ್ರ ನಿಲ್ಲಿಸಿದಾಗ ಜೊಂಡಿನೊಳಗಿನ ಹಕ್ಕಿಗಳ ಸದ್ದಷ್ಟೇ ಉಳಿಯುತ್ತದೆ. ಕೊನೆಯ ಬಸ್ಸಿನ ಹೊತ್ತನ್ನು ಮಾತ್ರ ಮೊದಲೇ ನೋಡಿಟ್ಟುಕೊಂಡಿರಿ.

ಶನಿವಾರ: ನದಿಯಿಲ್ಲದ ನದಿಪಾತ್ರ, ಆಮೇಲೆ ಕಡಲು

1957ರ ಅಕ್ಟೋಬರ್ 14ರಂದು ತುರಿಯಾ ನದಿ ಉಕ್ಕಿ ಊರನ್ನು ಮುಳುಗಿಸಿತು. 80ಕ್ಕೂ ಹೆಚ್ಚು ಜನ ಸತ್ತರು. ಆ ಬಳಿಕ ನದಿಯನ್ನೇ ಊರಿನ ದಕ್ಷಿಣಕ್ಕೆ ತಿರುಗಿಸಿ ಹೊಸ ಪಾತ್ರ ತೋಡಿದರು. ಬರಿದಾದ ಹಳೆಯ ಪಾತ್ರದಲ್ಲಿ ಹೆದ್ದಾರಿ ಹಾಯಿಸುವ ಯೋಜನೆ ಬಂದಾಗ, ನದಿಯ ಪಾತ್ರ ನಮ್ಮದು, ಅದು ನಮಗೆ ಹಸಿರಾಗಿ ಬೇಕು ಎಂದು ಜನ ಹೋರಾಡಿದರು. ಹಾಗಾಗಿಯೇ ಇಂದು ಹಳೆಯ ಕಲ್ಲಿನ ಸೇತುವೆಗಳ ಕೆಳಗೆ ಒಂಬತ್ತು ಕಿಲೋಮೀಟರಿನಷ್ಟು ಉದ್ದದ ತೋಟವಿದೆ. ಹೊಸ ಪಾತ್ರ 2024ರ ಅಕ್ಟೋಬರ್ 29ರ ಪ್ರವಾಹದಲ್ಲಿ ನಗರವನ್ನು ಕಾಪಾಡಿತಾದರೂ ಅದರ ದಕ್ಷಿಣದ ಪಾಯ್ಪೋರ್ತಾ, ಕತರ್ರೋಹಾ ಮುಂತಾದ ಊರುಗಳು ನೀರಿನಲ್ಲಿ ಮುಳುಗಿದವು, 220ಕ್ಕೂ ಹೆಚ್ಚು ಜೀವಗಳು ಹೋದವು. ಆ ತೋಟದಲ್ಲಿ ನಡೆಯುವಾಗ ಈ ಎರಡೂ ದಿನಗಳು ನೆನಪಿನಲ್ಲಿರಬೇಕು.

ಬೆಳಿಗ್ಗೆ ಸೈಕಲ್ ಬಾಡಿಗೆಗೆ ತೆಗೆದುಕೊಂಡು, ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಸೆರ್ರಾನೋಸ್ ಹೆಬ್ಬಾಗಿಲ ಬಳಿ ಪಾತ್ರಕ್ಕೆ ಇಳಿಯಿರಿ. ಸಮೀಪದಲ್ಲೇ ಲಲಿತಕಲೆಗಳ ವಸ್ತುಸಂಗ್ರಹಾಲಯವಿದೆ, ಪ್ರವೇಶ ಉಚಿತ. ಇದೇ ಊರಿನಲ್ಲಿ 1863ರಲ್ಲಿ ಹುಟ್ಟಿದ ಹೊಆಕಿನ್ ಸೊರೋಯಾ ಅವರ ಚಿತ್ರಗಳನ್ನು ಇಲ್ಲಿ ನೋಡಿಕೊಂಡರೆ ಮಧ್ಯಾಹ್ನದ ಕಡಲತೀರ ಬೇರೆಯೇ ಆಗಿ ಕಾಣುತ್ತದೆ. ಸಮುದ್ರದ ದಿಕ್ಕಿಗೆ ಸಾಗಿದರೆ ಮಕ್ಕಳು ಏರಿ ಜಾರುವ ಮಲಗಿದ ದೈತ್ಯನ ಗಲಿವರ್ ಪಾರ್ಕ್, ಅದರಾಚೆ ಕಲೆ ಮತ್ತು ವಿಜ್ಞಾನಗಳ ನಗರಿ. ಫೆಲಿಕ್ಸ್ ಕಾಂದೇಲಾ ಮತ್ತು ಇದೇ ಊರಿನ ಬೆನಿಮಾಮೆತ್‌ನಲ್ಲಿ ಹುಟ್ಟಿದ ಸಾಂತಿಯಾಗೊ ಕಲಾತ್ರಾವಾ ಎಂಬ ವಾಸ್ತುಶಿಲ್ಪಿಗಳು ರೂಪಿಸಿದ ಈ ಬಿಳಿ ಕಟ್ಟಡಗಳನ್ನು ಹೊರಗಿನಿಂದ ನೋಡಿದರೆ ಸಾಕು. ಮಕ್ಕಳಿದ್ದರೆ ಮಾತ್ರ ಓಷಿಯಾನೊಗ್ರಾಫಿಕ್ ಎಂಬ ಜಲಚರಾಲಯಕ್ಕೆ ಅರ್ಧ ದಿನ ಎತ್ತಿಡಿ.

ಮಧ್ಯಾಹ್ನದ ಊಟ ಮಾಲ್ವಾರೋಸಾ ತೀರದ ಕಡೆಗೆ. 1898ರಿಂದ ನಡೆಯುತ್ತಿರುವ ಲಾ ಪೆಪಿಕಾದಲ್ಲಿ ಕಡಲಿಗೆ ಮುಖಮಾಡಿ ಕುಳಿತು ಮೀನಿನ ಸಾರಿನಲ್ಲಿ ಬೆಂದ ಅರೋಸ್ ಆ ಬಾಂದಾ ಸವಿಯಬಹುದು. 1922ರ ಕಾಸಾ ಕಾರ್ಮೇಲಾದಲ್ಲಿ ಕಿತ್ತಳೆ ಮರದ ಸೌದೆಯ ಒಲೆಗಳನ್ನು ಕಣ್ಣಾರೆ ನೋಡಬಹುದು, ಆದರೆ ಅಲ್ಲಿ ಬಹಳ ಮುಂಚೆ ಜಾಗ ಕಾದಿರಿಸಬೇಕು. ಸಂಜೆ ಕಬಾನ್ಯಾಲ್ ಎಂಬ ಹಳೆಯ ಬೆಸ್ತರ ಕೇರಿಯಲ್ಲಿ ತಿರುಗಾಡಿ: ಬಣ್ಣದ ಹೆಂಚು ಹಚ್ಚಿದ ತಗ್ಗು ಮನೆಗಳು, ಬಾಗಿಲಿಗೆ ಕುರ್ಚಿ ಹಾಕಿಕೊಂಡು ಮಾತಾಡುವ ಮುದುಕಿಯರು. ಅಲ್ಲಿನ 1836ರ ಕಾಸಾ ಮೊಂತಾನ್ಯಾದಲ್ಲಿ ರಾತ್ರಿಯ ಊಟವನ್ನು ಸಣ್ಣಸಣ್ಣ ತಟ್ಟೆಗಳಲ್ಲಿ ಮುಗಿಸಿ. ಟೊಮ್ಯಾಟೊ, ದಪ್ಪಮೆಣಸು, ಪೈನ್ ಬೀಜ ಮತ್ತು ಉಪ್ಪು ಹಾಕಿದ ಟ್ಯೂನಾ ಮೀನಿನಿಂದ ಮಾಡುವ ತಿತಾಯ್ನಾ ಈ ಕೇರಿಯದ್ದೇ ಅಡುಗೆ. ಮೇಯಿಂದ ಆಗಸ್ಟ್‌ವರೆಗೆ ಕ್ಲೋಚಿನಾ ಎಂಬ ಸಣ್ಣ ಚಿಪ್ಪುಮೀನೂ ಸಿಗುತ್ತದೆ.

ಸಸ್ಯಾಹಾರಿಗಳಿಗೆ

ಇಲ್ಲಿ ಮಾಂಸವಿಲ್ಲದ್ದು ಎಂದಷ್ಟೇ ಹೇಳಿದರೆ ಹಾಮೊನ್ ಎಂಬ ಉಪ್ಪು ಹಚ್ಚಿ ಒಣಗಿಸಿದ ಹಂದಿಮಾಂಸ ಅಥವಾ ಮೀನು ತಟ್ಟೆಗೆ ಬರುವುದುಂಟು. ಆದ್ದರಿಂದ 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಾಮೊನ್' ಎಂದು ಮೂರನ್ನೂ ಬಿಡಿಬಿಡಿಯಾಗಿ ಹೇಳಬೇಕು: ಮಾಂಸ ಬೇಡ, ಮೀನು ಬೇಡ, ಹಾಮೊನ್ ಬೇಡ. 'ಪಾಯೆಯಾ ದೆ ವೆರ್ದುರಾಸ್' ತರಕಾರಿಯದು. ಆದರೆ ಅದರ ಸಾರು ತರಕಾರಿಯದೇ ಎಂದು 'ಕಾಲ್ದೊ ದೆ ವೆರ್ದುರಾಸ್?' ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಚಳಿಗಾಲದ ಆಸುಪಾಸಿನಲ್ಲಿ ಹೋದವರಿಗೆ ಪಲ್ಲೆಹೂವು (ಆರ್ಟಿಚೋಕ್) ಹಾಕಿದ ಪಾಯೆಯಾ ಬಲು ಸೊಗಸು. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ತೋರ್ತಿಯಾ ಎಂಬ ದಪ್ಪ ಆಮ್ಲೆಟ್ ಎಲ್ಲೆಡೆ ಸಿಗುತ್ತದೆ. ಎಸ್ಗರ್ರಾಯೆತ್ ಎಂಬ ಸುಟ್ಟ ಕೆಂಪುಮೆಣಸಿನಕಾಯಿಯ ತಟ್ಟೆ ಸಸ್ಯಾಹಾರದಂತೆ ಕಂಡರೂ ಅದರಲ್ಲಿ ಉಪ್ಪು ಹಾಕಿದ ಕಾಡ್ ಮೀನಿನ ಎಳೆಗಳಿರುತ್ತವೆ.

ಭಾನುವಾರ: ಹೊರಡುವ ಮುನ್ನ

ಬೆಳಿಗ್ಗೆ ಮೆಟ್ರೋದ 3ನೆಯ ಮಾರ್ಗದಲ್ಲಿ ಅಲ್ಬೊರಾಯಾಕ್ಕೆ ಹೋಗಿ. ಚುಫಾ ಬೆಳೆಯುವ ಹೊಲಗಳು ಇಲ್ಲಿ ಮನೆಗಳ ಬೆನ್ನಿಗೇ ಶುರುವಾಗುತ್ತವೆ. ಗುರುವಾರ ಹೆಸರು ಕೂಗಿಸಿಕೊಂಡ ಕಾಲುವೆಗಳಲ್ಲೊಂದು ಕಿರಿದಾಗಿ ಹೊಲದ ಬದುವಿನುದ್ದಕ್ಕೂ ಹರಿಯುವುದನ್ನು ಇಲ್ಲಿ ಕಾಣಬಹುದು. ಒರ್ಚಾತೆರಿಯಾ ದಾನಿಯೇಲ್‌ನಲ್ಲಿ ಎರಡನೆಯ ಸಲ ಒರ್ಚಾತಾ ಕುಡಿಯಿರಿ. ಈ ಬಾರಿ ಅರ್ಧ ಹೆಪ್ಪುಗಟ್ಟಿಸಿದ ಗ್ರಾನಿಸಾದಾ ಕೇಳಿ.

ರೈಲಿನಲ್ಲಿ ಹೊರಡುವವರು ಮೊದಲು ಎಸ್ತಾಸಿಯೋ ದೆಲ್ ನೋರ್ದ್ ಎಂಬ 1917ರ ನಿಲ್ದಾಣಕ್ಕೆ ಹೋಗಿ, ಮುಂಭಾಗದ ಗೋಡೆಯ ಮೇಲೆ ಗೊಂಚಲುಗೊಂಚಲಾಗಿರುವ ಹೆಂಚಿನ ಕಿತ್ತಳೆಗಳನ್ನು ನೋಡಬೇಕು. ಕಿತ್ತಳೆಗೆ ಅವರು ಹೇಳುವ ನರಾನ್ಹಾ ಎಂಬ ಹೆಸರಿನ ಮೂಲ ನಮ್ಮ ನಾರಂಗವೇ. ಪಾರಸಿ, ಅರಬ್ಬೀ ಭಾಷೆಗಳನ್ನು ದಾಟಿ ಆ ಮಾತು ಅಲ್ಲಿಗೆ ಸೇರಿದೆ. ವೇಗದ ರೈಲುಗಳು ಹೊರಡುವುದು ಇಲ್ಲಿಂದಲ್ಲ, ಹತ್ತು ನಿಮಿಷದ ನಡಿಗೆಯ ದೂರದಲ್ಲಿರುವ ಹೊಆಕಿನ್ ಸೊರೋಯಾ ನಿಲ್ದಾಣದಿಂದ. ಟಿಕೆಟಿನಲ್ಲಿ ಯಾವ ನಿಲ್ದಾಣದ ಹೆಸರಿದೆಯೆಂದು ನೋಡಿಕೊಂಡು, ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡು ಹೊರಡಿ.